ಬೆಕ್ಕಿಗೆ ಹೇಳಿದ ಮಾತು

ನಮ್ಮ ಬೆಕ್ಕಿನ ಹೆಸರು ವಕೀಲಮ್ಮ. ಹೆಸರಿಟ್ಟವಳು ನನ್ನ ಮಗಳು. ನಾವು ಒಂದು ಮಾತಾಡಿದರೆ ಅದು ಹತ್ತು ಆಡುತ್ತಿತ್ತು. ಎದುರಿಗೆ ಯಾರೂ ಇಲ್ಲದಿದ್ದರೆ ಖಾಲಿ ಗೋಡೆಯ ಮೇಲೆಯೇ ದಾವೆ ಹೂಡುತ್ತಿತ್ತು. ಮೈ ಎಲ್ಲ ಹತ್ತಿಯಷ್ಟು ಬಿಳಿ, ಕಣ್ಣು ನೀಲಿ, ನೋಡಿದವರು ಎಷ್ಟು ಸಾಧು ಅನ್ನಬೇಕು. ಬಾಯಿ ತೆಗೆದರೆ ಮಾತ್ರ ಓಣಿಯ ಆ ತುದಿಯ ದೇವಕಮ್ಮ ಹೊರಗೆ ಬಂದು, ‘ಗುರುದೇವಿ, ನಿಮ್ಮನ್ಯಾಗ ಯಾರಿಗೇನಾತ?’ ಎಂದು ಕೇಳುತ್ತಿದ್ದಳು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಅದನ್ನು ಹೇಳಿದವರು ನಮ್ಮ ಮನೆಗೆ ಬಂದಿರಲಿಲ್ಲ. ಹಾಲು ತಡವಾದರೆ ತಕರಾರು, ಹಾಲು ಕೊಟ್ಟರೆ ಅದರ ಮೇಲೊಂದು ಷರಾ. ಮುಚ್ಚಿದ ಬಾಗಿಲಿಗೆ ಒಂದು ಬೈಗುಳ, ತೆರೆದರೆ ಒಳಗೆ ಬಾರದೆ ಇನ್ನೊಂದು. ಹಲ್ಲಿ ಕಂಡರೆ ಊರಿಗೆಲ್ಲ ಡಂಗುರ. ಇಷ್ಟೆಲ್ಲ ಗೊತ್ತಾಗಿದ್ದರಿಂದ, ಬೆಕ್ಕಿನ ಭಾಷೆಯನ್ನು ನನ್ನಷ್ಟು ತಿಳಿದವರು ಯಾದಗಿರಿಯಲ್ಲೇ ಇಲ್ಲ ಎಂಬ ಜಂಬ ನನಗಿತ್ತು.

ನಾನು ಮನೆಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಅಡುಗೆಮನೆಯ ನೆಲಕ್ಕೆ ಹಾಸಿದ ನುಣುಪಾದ ಪರಸಿ ಕಲ್ಲಿನ ಮೇಲೆಯೇ ಬಡಿಯುತ್ತೇನೆ, ಹಲಗೆ ಗಿಲಗೆ ನನಗಾಗದು. ಮೊದಲ ರೊಟ್ಟಿಯ ಸಪ್ಪಳಕ್ಕೆ ವಕೀಲಮ್ಮ ಎಲ್ಲಿದ್ದರೂ ಓಡಿ ಬಂದು, ನಾಲ್ಕೂ ಕಾಲು ಆ ಕಲ್ಲಿನ ಅಂಚಿಗೆ ಊರಿ, ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವವರೆಗೂ ಮಾತಾಡುತ್ತಿತ್ತು.

ನನ್ನ ಗಂಡ ಸಂಗಮನಾಥ ಗಂಜ್ ಮಾರುಕಟ್ಟೆಯ ಅಡತ್ ದಲ್ಲಾಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಅವರದು ಬೆಕ್ಕಿಗೆ ತದ್ವಿರುದ್ಧ. ಕೇಳಿದ್ದಕ್ಕೆ ‘ಹ್ಞೂಂ’, ಬೇಡದಿದ್ದಕ್ಕೆ ‘ಉಹೂಂ’, ಉಳಿದದ್ದೆಲ್ಲ ಪೇಪರಿನ ಹಿಂದೆ. ನಡುಮನೆಯಲ್ಲಿ ಅತ್ತೆ ಸೂಗಮ್ಮ, ಎಪ್ಪತ್ತೆಂಟು ವರ್ಷ, ಕೈಯಲ್ಲಿ ಕೋಲು, ಬೆಳಿಗ್ಗೆ ಒಂದು ತಾಸು ಲಿಂಗಪೂಜೆ.

ನಾನು ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಒಂದು ಕಾನೂನು ಹೇಳಿದ್ದರು: ಹಿರಿಯರ ಎದುರಿಗೆ ಗಂಡನ ಜೊತೆ ನೇರ ಮಾತಿಲ್ಲ. ಮೂರು ಕೋಣೆಯ ಮನೆ, ನಡುಮನೆಯಲ್ಲಿ ಹಿರಿಯರು. ಇನ್ನು ಯಾವಾಗ ಮಾತಾಡಬೇಕು? ಹಾಗಾಗಿ ಮಗಳು ಹುಟ್ಟಿದ ಮೇಲೆ ತೊಟ್ಟಿಲ ಕೂಸಿಗೇ ಹೇಳತೊಡಗಿದೆ: ‘ಸಕ್ಕರಿ ತೀರ್ಯಾದಂತ ನಿಮ್ಮಪ್ಪಗ ಹೇಳವಾ.’ ಕೂಸು ದೊಡ್ಡದಾಗಿ ಮನೆಯ ಟಪಾಲು ಹೊತ್ತಿತು. ಆರು ವರ್ಷದ ಹಿಂದೆ ಅವಳು ಮದುವೆಯಾಗಿ ಸುರಪುರಕ್ಕೆ ಹೋದಳು. ಹೋಗುವ ಮುಂಚೆ ಎಲ್ಲಿಂದಲೋ ಒಂದು ಬಿಳಿ ಮರಿ ತಂದು ನನ್ನ ಮಡಿಲಿಗೆ ಹಾಕಿದ್ದಳು. ಟಪಾಲಿನ ಕೆಲಸ ಅದರ ಪಾಲಿಗೆ ಬಂತು.

‘ವಕೀಲಮ್ಮ, ಊಟಕ್ಕ ಬಡಿಸೀನಂತ ಹೇಳು.’ ‘ವಕೀಲಮ್ಮ, ಹಿತ್ತಲದಾಗ ನಳ ಸೋರಾಕತ್ತದ, ಈ ಮನ್ಯಾಗ ಅದನ್ನ ಯಾರರೆ ನೋಡ್ತಾರೇನು?’ ಅತ್ತೆ ಮಠಕ್ಕೆ ಹೋಗಿ ಮನೆಯಲ್ಲಿ ಇಬ್ಬರೇ ಇದ್ದಾಗಲೂ ನನ್ನ ನಾಲಿಗೆ ಗಂಡನ ಕಡೆ ಹೊರಳುತ್ತಿರಲಿಲ್ಲ. ರೂಢಿ ಅಂದರೆ ಹಾಗೆಯೇ.

ಬರಬರುತ್ತ ಟಪಾಲಷ್ಟೇ ಉಳಿಯಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ನನ್ನ ಹೊಟ್ಟೆಯೊಳಗಿನದನ್ನೆಲ್ಲ ಆ ಬೆಕ್ಕಿಗೆ ಹೇಳಿದೆ. ಮೊಣಕಾಲ ನೋವು ಹೇಳಿದೆ. ನಮ್ಮವ್ವ ತೀರಿಕೊಂಡಾಗ ಒಂದು ದಿನ ಮುಂಚೆ ಹೋಗದೆ ಉಳಿದದ್ದು ಇನ್ನೂ ಸುಡುತ್ತದೆ ಎಂದು ಹೇಳಿದೆ. ಸುರಪುರಕ್ಕೆ ಎಷ್ಟು ಸಲ ಹೋದರೂ ಪಕ್ಕದ ಬೋನಾಳ ಕೆರೆಯ ಹಕ್ಕಿಗಳನ್ನು ಒಮ್ಮೆಯೂ ನೋಡಲಾಗಲಿಲ್ಲ ಎಂದೂ ಹೇಳಿದೆ. ಪ್ರತಿಯೊಂದಕ್ಕೂ ಬೆಕ್ಕು ಉದ್ದುದ್ದ ಉತ್ತರ ಕೊಡುತ್ತಿತ್ತು. ಆ ಮನೆಯಲ್ಲಿ ನನ್ನ ಮಾತಿಗೆ ಮಾತು ಕೊಡುವ ಜೀವ ಅದೊಂದೇ ಎಂದು ನಾನು ನಂಬಿದ್ದೆ.

ಹೀಗಿದ್ದೂ ಒಂದು ದಿನ ನನ್ನ ತಲೆ ಕೆಟ್ಟಿತು. ಕಾರಹುಣ್ಣಿಮೆ ಮುಗಿದ ಮೇಲಿನ ಸೋಮವಾರ. ಕಡೇಚೂರಿನ ಒಂದು ಮನೆ ಪ್ರವೇಶಕ್ಕೆ ಐನೂರು ರೊಟ್ಟಿ ಹನ್ನೊಂದರೊಳಗೆ ಹೋಗಬೇಕು. ಜೊತೆಗೆ ಬಡಿಯಲು ಬರುವ ಮಲ್ಲಾಬಾಯಿ ಜ್ವರ ಎಂದು ಬರಲಿಲ್ಲ. ಒಲೆಯ ಝಳ, ಹೊರಗೆ ಮಳೆ ಬಾರದ ಸೆಖೆ. ಬೆಕ್ಕು ಕಾಲಿಗೆ ತೊಡರದಿರಲಿ ಎಂದು ಹಿತ್ತಲಿಗೆ ಹಾಕಿ ಬಾಗಿಲು ಮುಚ್ಚಿದ್ದೆ. ಅದು ಬಾಗಿಲ ಹಿಂದೆ ನಿಂತು ಸುಪ್ರೀಂ ಕೋರ್ಟಿಗೆ ಕೇಳುವಂತೆ ಒದರುತ್ತಿತ್ತು. ನಡುಮನೆಯಿಂದ ಅತ್ತೆ ಪೂಜೆಯ ನಡುವೆಯೇ, ‘ಆ ಬೆಕ್ಕಿನ ಬಾಯಿ ಯಾರರೆ ಮುಚ್ಚಸ್ತೀರೋ ಇಲ್ಲೋ?’ ಎಂದರು. ಅದೇ ಗಳಿಗೆಗೆ ನನ್ನ ಕೈಯೊಳಗಿನ ರೊಟ್ಟಿ ಹರಿದು, ಬೆರಳು ಹಂಚಿಗೆ ತಾಗಿ ಚುರ್ ಎಂದಿತು.

ಚಹಾದ ಕಪ್ಪು ಹಿಡಿದು ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ತಿರುಗಿ ಅವರ ಮುಖ ನೋಡಿಯೇ ಹೇಳಿದೆ.

‘ಏನ್ರಿ, ಈ ಬೆಕ್ಕನ್ನ ಒಯ್ದು ಹೊಳಿ ದಾಟಿಸಿ ಬಿಟ್ಟು ಬರ್ರಿ. ನನ್ನ ಕೈಲೆ ಆಗಂಗಿಲ್ಲ.’

ಹೊಳೆ ದಾಟಿಸಿದ ಬೆಕ್ಕು ತಿರುಗಿ ಮನೆಗೆ ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಬೇಡಾದ ಬೆಕ್ಕನ್ನು ಚೀಲದಲ್ಲಿ ಹಾಕಿ ಭೀಮಾ ಸೇತುವೆಯ ಆಚೆ ಬಿಟ್ಟು ಬರುವುದು ಹೊಸದೇನಲ್ಲ. ಆದರೆ ಸಿಟ್ಟು ಬಂದಾಗ ನಾನು ಇಂಥವನ್ನು ದಿನಕ್ಕೆ ಹತ್ತು ಹೇಳುತ್ತೇನೆ. ಮಲ್ಲಾಬಾಯಿಯನ್ನು ವಾರಕ್ಕೊಮ್ಮೆ ಕೆಲಸದಿಂದ ಬಿಡಿಸುತ್ತೇನೆ. ಒಲೆಯನ್ನೇ ಒಡೆದು ಹಾಕುತ್ತೇನೆ ಅನ್ನುತ್ತೇನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಗಂಡ ಕಪ್ಪು ಕೆಳಗಿಟ್ಟರು, ಹೋದರು. ನಾನು ಮುಂದಿನ ಉಂಡೆ ಕೈಗೆತ್ತಿಕೊಂಡೆ.

ರೊಟ್ಟಿ ಹೋಯಿತು. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಕೂತಾಗ ಮನೆ ಸುಮ್ಮನಿದೆ ಅನ್ನಿಸಿತು. ಹಿತ್ತಲ ಬಾಗಿಲು ತೆರೆದೆ. ಬೆಕ್ಕಿಲ್ಲ. ಮಾಳಿಗೆಯ ಮೇಲೆ ಇಲ್ಲ, ದೇವಕಮ್ಮನ ಕಟ್ಟೆಯ ಮೇಲೂ ಇಲ್ಲ. ಸಂಜೆ ಗಂಡ ಬಂದು ಒಂದು ಖಾಲಿ ಗೋಣಿಚೀಲವನ್ನು ಮಡಚಿ ಮೂಲೆಗಿಟ್ಟರು.

‘ಬೆಕ್ಕ ಎಲ್ಲ್ಯದೋ ಸಂಗಮ?’ ಎಂದು ಅತ್ತೆ ಕೇಳಿದರು.

‘ಹೊಳಿ ದಾಟಿಸಿ ಬಂದೀನವ್ವ.’

ನಳ ಸೋರುತ್ತಿದೆ ಎಂದು ಮೂರು ವರ್ಷದಿಂದ ಗೋಳಾಡುತ್ತಿದ್ದೇನೆ. ಮಾಳಿಗೆಯ ಬಿರುಕು, ಕಪಾಟಿನ ಚಿಲಕ, ಎಲ್ಲವೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು. ಆ ಮನುಷ್ಯ ಇದೊಂದನ್ನು ಮಾತ್ರ ಹೇಳಿದ ದಿನವೇ ಮಾಡಿ ಬಂದಿದ್ದರು. ಬೈಯುವುದು ಯಾರನ್ನು? ಹೇಳಿದವಳು ನಾನೇ.

ಮಂಗಳವಾರ ರೊಟ್ಟಿ ಬಡಿಯಲು ಕೂತೆ. ಕೈ ಓಡಲಿಲ್ಲ. ಪರಸಿಯ ಆ ಅಂಚು ಖಾಲಿ. ನೂರು ರೊಟ್ಟಿ ಆಗುವ ಹೊತ್ತಿಗೆ ಅರವತ್ತಾಗಿರಲಿಲ್ಲ. ಅತ್ತೆ ಪೂಜೆ ಅರ್ಧ ತಾಸಿಗೇ ಮುಗಿಸಿ ಕೋಲೂರುತ್ತ ಅಡುಗೆಮನೆಗೆ ಬಂದು, ‘ಮನಿ ಬಿಕೋ ಅನ್ನಾಕತ್ತದಲ್ಲ’ ಎಂದು, ನನ್ನ ಮುಖ ನೋಡದೆ ತಿರುಗಿ ಹೋದರು. ಗಂಡ ಪೇಪರನ್ನು ತಲೆಕೆಳಗಾಗಿ ಹಿಡಿದಿರಲಿಲ್ಲ, ಆದರೆ ಪುಟವನ್ನೂ ಮಗುಚಲಿಲ್ಲ.

ನನಗೆ ಬೆಕ್ಕು ಬೇಕಿತ್ತು. ಬೇಕು ಎಂದು ಗಂಡನಿಗೆ ಹೇಳಬೇಕಿತ್ತು. ಹೇಳಿ ಕಳಿಸುವ ಟಪಾಲಿನವಳೇ ಹೊಳೆಯ ಆಚೆಗಿದ್ದಳು. ಬುಧವಾರ ಬೆಳಿಗ್ಗೆ ಕೈಯ ಹಿಟ್ಟನ್ನೂ ತೊಳೆಯದೆ ನಡುಮನೆಗೆ ಬಂದು ಅತ್ತೆಯ ಎದುರಿಗೇ ಗಂಡನಿಗೆ ಹೇಳಿದೆ.

‘ನನಗ ಅದು ಬೇಕ್ರಿ. ಎಲ್ಲಿ ಬಿಟ್ಟೀರಿ ಅಲ್ಲಿಗಿ ಕರಕೊಂಡ ಹೋಗ್ರಿ.’

ಅವರು ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಗಾಡಿಯ ಮೇಲೆ ಭೀಮಾ ಸೇತುವೆ ದಾಟಿದ ಮೇಲೆ ನಾನು ಹಾದಿಯ ಎರಡೂ ಬದಿ ನೋಡತೊಡಗಿದೆ. ಅವರು ನಿಲ್ಲಿಸಲಿಲ್ಲ. ‘ಹೊಳಿ ದಂಡ್ಯಾಗ ಬಿಡಾಕ ಮನಸ್ಸು ಬರಲಿಲ್ಲ’ ಎಂದರು. ‘ನಾಯಿ ಬಾಳ ಅವ ಅಲ್ಲಿ. ಶಹಾಪುರದಾಗ ನಮ್ಮ ಸಾವ್ಕಾರ್ರು ಹತ್ತಿ ಕಳಸೋ ಹಳಿ ಮಿಲ್ ಅದಲ್ಲ, ಅಲ್ಲಿ ಬಿಟ್ಟೀನಿ. ಇಲಿ ಅವ. ಉಸ್ಮಾನಸಾಬ ಅದಾನ, ಹೊಟ್ಟಿಗಿ ಹಾಕ್ತಾನ.’ ಅವರು ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ. ಶಹಾಪುರದ ಮಲಗಿದ ಬುದ್ಧನ ಗುಡ್ಡ ಕಾಣುವವರೆಗೂ ನಾನು ಹಾದಿಯ ಬದಿ ನೋಡುವುದನ್ನು ಬಿಡಲಿಲ್ಲ.

ಸುಗ್ಗಿ ಮುಗಿದು ಮಿಲ್ಲು ಬಂದ್ ಆಗಿತ್ತು. ದೊಡ್ಡ ತಗಡಿನ ಶೆಡ್ಡು, ಒಳಗೆ ಮಾಡಿನವರೆಗೆ ಹತ್ತಿಕಾಳಿನ ಚೀಲ, ಮುಂದೆ ಲಾರಿಗೆ ಮಾಲು ತುಂಬಲು ಕಟ್ಟಿದ ಎತ್ತರದ ಕಟ್ಟೆ, ಅದರ ಮೇಲೆ ಉದ್ದಕ್ಕೂ ಪರಸಿ ಹಾಸು. ಕಾವಲುಗಾರ ಉಸ್ಮಾನಸಾಬ ಬಿಳಿ ಗಡ್ಡದ ಮುದುಕ. ಗೇಟು ತೆರೆಯುತ್ತಲೇ ಅವನ ಮುಖ ನೋಡಿ ನನಗೆ ಅನುಮಾನ ಬಂತು.

‘ಸೋಮವಾರ ಇಡೀ ದಿನ ಒದರ್ತು ತಂಗಿ. ಇಂಥ ದನಿ ನಾ ಹುಟ್ಟಿದಾಗಿಂದ ಕೇಳಿಲ್ಲ. ನಿನ್ನೆ ಮಧ್ಯಾಹ್ನದಿಂದ ಸುಮ್ಮ ಆಗ್ಯಾದ. ಹಾಲು ಇಟ್ಟೀನಿ, ಮುಟ್ಟಿಲ್ಲ.’ ಕೈಯ ಬಡಿಗೆ ತೋರಿಸಿ, ‘ಎರಡು ನಾಯಿ ಒಳಗ ಬಂದಿದ್ವು. ನಾ ಹೊಡದು ಹೊರಗ ಹಾಕೀನಿ. ಆದ್ರ ಅದಕ್ಕ ಮೊದಲ ಏನಾತೋ ನೋಡಿಲ್ಲ’ ಎಂದ.

ಅದು ಒದರುತ್ತಿದೆ ಎಂದು ಸೋಮವಾರ ಹಾಗೆ ಸಿಡಿದವಳು ನಾನು. ಅದು ಸುಮ್ಮನಾಗಿದೆ ಅಂದಕೂಡಲೇ ಶೆಡ್ಡಿನೊಳಗೆ ಓಡಿದೆ. ಮಾತಾಡದೆ ಇರುವುದು ಆ ಬೆಕ್ಕಿಗೆ ಗೊತ್ತೇ ಇಲ್ಲ.

ಕರೆದೆವು. ‘ವಕೀಲಮ್ಮ, ವಕೀಲಮ್ಮ’ ಎಂದು ಶೆಡ್ಡಿನ ತಗಡು ಗಂಯ್ಗುಡುವಂತೆ ಕರೆದೆ. ಚೀಲಗಳ ಸಂದಿಗಳಲ್ಲಿ ಬಗ್ಗಿ ನೋಡಿದೆ. ಮನೆಯಲ್ಲಿ ಎಂದೂ ದನಿ ಎತ್ತದ ಗಂಡ ಗಂಟಲು ಹರಿಯುವಂತೆ ಹಿಂದಿನ ಗೋಡೆಯ ಗುಂಟ ಕೂಗುತ್ತ ಹೋದರು. ಎರಡು ತಾಸು. ಒಂದು ಇಲಿಯೂ ಉತ್ತರ ಕೊಡಲಿಲ್ಲ. ಕೊನೆಗೆ ಕಟ್ಟೆಯ ಮೇಲೆ ಕೂತು ನಾನು ಅತ್ತುಬಿಟ್ಟೆ. ಯಾರು ನೋಡಿದರೂ ನೋಡಲಿ ಎಂದು ಜೋರಾಗಿಯೇ ಅತ್ತುಬಿಟ್ಟೆ.

ಉಸ್ಮಾನಸಾಬ ನೀರು ತಂದುಕೊಟ್ಟ. ‘ಉಂಡು ಮತ್ತ ಹುಡಕ್ರಿ ತಂಗಿ. ಹಸದ ಹೊಟ್ಟಿಲಿ ಎಷ್ಟು ಒದರ್ತೀರಿ’ ಎಂದು, ಆ ಕಟ್ಟೆಯ ಮೂಲೆಯಲ್ಲೇ ಇದ್ದ ತನ್ನ ಒಲೆ ಹೊತ್ತಿಸಿ ಹಿಟ್ಟು ನಾದತೊಡಗಿದ. ಅವನ ಹೆಂಡತಿ ಮಗಳ ಊರಿಗೆ ಹೋಗಿದ್ದಳಂತೆ. ಅವನು ಬಡಿಯುತ್ತಿದ್ದ ರೊಟ್ಟಿ ನೋಡಿದೆ. ನಡುವೆ ದಪ್ಪ, ಅಂಚೆಲ್ಲ ಬಿರುಕು, ಕೈಯನ್ನು ಎಲ್ಲಿ ನೋವಾಗುತ್ತದೋ ಎಂಬಂತೆ ಮೆಲ್ಲಗೆ ತಾಗಿಸುತ್ತಿದ್ದ. ಎಂಥ ದುಃಖವಿದ್ದರೂ ಕೆಟ್ಟ ರೊಟ್ಟಿಯನ್ನು ನೋಡಿಕೊಂಡು ಕೂಡುವವಳಲ್ಲ ನಾನು.

‘ಚಾಚಾ, ಸರೀರಿ ಅತ್ತ. ಜೋಳಕ್ಕ ಇಷ್ಟು ಅಂಜಿದ್ರ ಹ್ಯಾಂಗ?’

ಕಣ್ಣೊರೆಸಿಕೊಂಡು ಹಿಟ್ಟನ್ನು ಮತ್ತೊಮ್ಮೆ ನಾದಿ, ಪರಸಿಯ ಮೇಲೆ ಹಿಟ್ಟು ಉದುರಿಸಿ ಬಡಿಯತೊಡಗಿದೆ. ಸಿಟ್ಟು, ಸಂಕಟ ಎಲ್ಲ ಆ ಅಂಗೈಯಲ್ಲೇ ಇಳಿಯಿತು. ಒಂದು ರೊಟ್ಟಿ ಹಂಚಿಗೆ ಹೋಯಿತು. ಎರಡನೆಯದನ್ನು ತಿರುಗಿಸುತ್ತಿದ್ದಾಗ ನಾನು ಕೂತ ಕಲ್ಲಿನ ಕೆಳಗಿನಿಂದಲೇ ಒಂದು ದನಿ ಬಂತು. ಬೊಬ್ಬೆಯಲ್ಲ, ಒಡಕು ದನಿ. ನಾನು ಕೈ ನಿಲ್ಲಿಸಿದೆ. ದನಿಯೂ ನಿಂತಿತು. ಬಡಿದೆ. ಮತ್ತೆ ಬಂತು, ಈ ಸಲ ಜೋರಾಗಿ.

‘ಬಡೀ, ನಿಲ್ಲಿಸಬ್ಯಾಡ’ ಎಂದು ಗಂಡ ಕಟ್ಟೆಯಿಂದ ಕೆಳಗೆ ಜಿಗಿದರು.

ಕಟ್ಟೆಯ ಕೆಳಗೆ ಪೊಳ್ಳು. ಕಲ್ಲುಗಂಬಗಳ ಮೇಲೆ ಪರಸಿ ಹಾಸಿದ್ದರಷ್ಟೆ, ಮುಂದೆ ಹಳೆಯ ತಗಡುಗಳನ್ನು ಒರಗಿಸಿಟ್ಟಿದ್ದರು. ಅವರು ತಗಡು ಸರಿಸುತ್ತಿದ್ದಂತೆ ಸಂದಿಯಿಂದ ಬೂದು ಬಣ್ಣದ ಪ್ರಾಣಿಯೊಂದು ಹೊರಬಂತು. ಮೈತುಂಬ ಧೂಳು, ಜೇಡರಬಲೆ, ಹೆಗಲ ಮೇಲೆ ಗೀರಿದ ಗಾಯ. ಮೆಟ್ಟಿಲು ಹತ್ತಿ, ಯಾರನ್ನೂ ನೋಡದೆ ನೇರ ನನ್ನ ಮುಂದೆ ಬಂದು, ನಾಲ್ಕೂ ಕಾಲು ಪರಸಿಯ ಅಂಚಿಗೆ ಊರಿ, ಮೂರು ದಿನದ ಫಿರ್ಯಾದನ್ನು ಶುರು ಮಾಡಿತು.

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಹೊತ್ತಲಿ ಅಂದೆ. ಎದೆಯ ಮೇಲಿನ ಕಲ್ಲು ಇಳಿದು ನಗುವೂ ಅಳುವೂ ಕೂಡಿಯೇ ಬಂದವು. ಹಿಟ್ಟಿನ ಕೈಯಲ್ಲೇ ಅದನ್ನು ಎತ್ತಿಕೊಂಡು ಬೈದೆ.

‘ಇಷ್ಟೊತ್ತು ಕರದೀವಿ, ಒಂದ ಸಲರೆ ಓ ಅನ್ನಾಕ ಏನಾಗಿತ್ತ ನಿನಗ?’

‘ಅದಕ್ಕ ಕಿವಿ ಕೇಳಂಗಿಲ್ಲ ತಂಗಿ’ ಎಂದ ಉಸ್ಮಾನಸಾಬ. ‘ಸೋಮವಾರ ಲಾರಿ ಹಿಂದ ಬಂದು ಹಾರನ್ ಹೊಡದ್ರೂ ಹಾದಿ ಬಿಡಲಿಲ್ಲ. ಸೊಕ್ಕಂತ ತಿಳದಿದ್ದೆ. ಈಗ ಗೊತ್ತಾತು. ಬಿಳಿ ಮೈ, ನೀಲಿ ಕಣ್ಣಿನವು ಕೆಲವು ಹುಟ್ಟಾ ಹಿಂಗ ಇರ್ತಾವ. ತನ್ನ ದನಿ ತನಗ ಕೇಳಂಗಿಲ್ಲ, ಅದಕ್ಕ ಅಷ್ಟು ಜೋರು.’

ನಾನು ಒಪ್ಪಲಿಲ್ಲ. ಗಂಡ ಸುಮ್ಮನೆ ಒಂದು ಸ್ಟೀಲ್ ತಾಟು ಎತ್ತಿಕೊಂಡು ಬೆಕ್ಕಿನ ಬೆನ್ನ ಹಿಂದೆ ಹೋಗಿ ಸೌಟಿನಿಂದ ಠಣ್ ಎಂದು ಹೊಡೆದರು. ನಾನು ಬೆಚ್ಚಿದೆ. ಬೆಕ್ಕಿನ ಕಿವಿ ಅಲುಗಲಿಲ್ಲ. ನಾನು ಕಲ್ಲಿನ ಮೇಲೆ ಒಂದೇ ಸಲ ಅಂಗೈ ಬಡಿದೆ. ತಟ್ಟನೆ ನನ್ನ ಕಡೆ ತಿರುಗಿತು. ಕಲ್ಲಿನಿಂದ ಅದರ ಕಾಲಿಗೆ ಹೋಗುತ್ತಿತ್ತು ಸುದ್ದಿ. ಇಷ್ಟು ವರ್ಷ ಅದಕ್ಕೆ ಮುಟ್ಟಿದ್ದು ನನ್ನ ಬಾಯಲ್ಲ, ನನ್ನ ಕೈ.

ಬೆಕ್ಕಿನ ಭಾಷೆ ಬಲ್ಲೆನೆಂದು ಮೆರೆದವಳು ಕಿವುಡರ ಮುಂದೆ ಕಿನ್ನರಿ ಬಾರಿಸುತ್ತ ಕೂತಿದ್ದೆ. ಮುಚ್ಚಿದ ಬಾಗಿಲ ಹಿಂದೆ ಅದು ಯಾಕೆ ಹಾಗೆ ಒದರುತ್ತಿತ್ತು ಎಂಬುದೂ ಆಗ ಹೊಳೆಯಿತು. ನಮಗಾದರೆ ಗೋಡೆಯ ಆಚೆ ಪಾತ್ರೆ ಸದ್ದಾದರೂ ಮನೆಯಲ್ಲಿ ಜನ ಇದ್ದಾರೆ ಎಂದು ಗೊತ್ತಾಗುತ್ತದೆ. ಕಣ್ಣಿಗೆ ಕಾಣದವರು ಅದರ ಪಾಲಿಗೆ ಇಲ್ಲವೇ ಇಲ್ಲ.

‘ಆರು ವರ್ಷ ನಾ ಹೇಳಿದ್ದು ಒಂದೂ ಕೇಳಿಲ್ಲೇನು ಹಂಗಾದ್ರ?’ ಎಂದೆ. ಯಾರಿಗೆ ಎಂದು ಹೇಳಿದ್ದಲ್ಲ.

‘ನನಗ ಕೇಳ್ಯಾದ’ ಎಂದರು ಗಂಡ.

ತಿರುಗಿ ನೋಡಿದೆ. ತಾಟು ಇನ್ನೂ ಅವರ ಕೈಯಲ್ಲೇ ಇತ್ತು.

‘ಎಡಗಾಲಿನ ಮೊಣಕಾಲು ಹೆಚ್ಚು ನೋಯ್ತದ. ನಿಮ್ಮವ್ವ ಹೋದಾಗ ಒಂದ ದಿನ ಮೊದಲ ಹೋಗಬೇಕಿತ್ತು. ಬೋನಾಳ ಕೆರಿ ಹಕ್ಕಿ ನೋಡಬೇಕು. ಎಲ್ಲ ಕೇಳೀನಿ. ಅಡಗಿಮನಿ ಮಾತು ಮುಂದಿನ ಖೋಲಿತನಾ ಕೇಳ್ತದಲ್ಲ.’

‘ಕೇಳಿ ಸುಮ್ಮ ಕುಂತ್ರ್ಯಾ?’

‘ನೀ ಬೆಕ್ಕಿಗಿ ಹೇಳಾಕತ್ತಿದ್ದಿ. ಅದು ಜವಾಬು ಕೊಡಾಕತ್ತಿತ್ತು. ನಡುವ ನಾ ಹ್ಯಾಂಗ ಬಾಯಿ ಹಾಕಲಿ?’

‘ನಳ?’

‘ಅದನ್ನೂ ಬೆಕ್ಕಿಗೇ ಹೇಳಿದ್ದಿ. ಒಬ್ಬರೂ ನೋಡಂಗಿಲ್ಲ ಅಂತ ದಿನಾ ಅಂತಿದ್ದಿ. ಅಂದುಕೊಂತ ಅಂದುಕೊಂತ ನಿನಗ ಸಮಾಧಾನ ಆಗ್ತಿತ್ತೇನೋ ಅಂತ ತಿಳದೆ.’

‘ಮತ್ತ ಹೊಳಿ ದಾಟಸ್ರಿ ಅಂದಿದ್ದೊಂದ ಹ್ಯಾಂಗ ಕಿವಿಗಿ ಹೊಕ್ತು?’

ಅವರು ತಾಟನ್ನು ಕೆಳಗಿಟ್ಟರು. ‘ಅದು ನನಗ ಹೇಳಿದ್ದಿ, ಗುರು. ಆರು ವರ್ಷದಾಗ ನೀ ನನ್ನ ಮುಖ ನೋಡಿ ಕೇಳಿದ್ದು ಅದ ಮೊದಲು. ಹ್ಯಾಂಗ ಒಲ್ಲೆ ಅನ್ನಲಿ?’

ಉಸ್ಮಾನಸಾಬ ಒಲೆಯ ಕಡೆ ಮುಖ ಮಾಡಿ ಹೊತ್ತಿದ ರೊಟ್ಟಿಯನ್ನು ಬಹಳ ಮುತುವರ್ಜಿಯಿಂದ ಕೆರೆಯತೊಡಗಿದ. ಬೈಯಲು ನನ್ನ ಹತ್ತಿರ ಹತ್ತು ಮಾತಿದ್ದವು. ಒಂದನ್ನೂ ಆಡಲಿಲ್ಲ. ನನ್ನ ಮಾತು ಆ ಮನೆಯಲ್ಲಿ ನೆಲಕ್ಕೆ ಬಿದ್ದಿರಲಿಲ್ಲ ಎಂದು ತಿಳಿದು ಮೈ ಹಗುರಾಗಿತ್ತು. ‘ಕೈ ತೊಳಕೊಂಡು ಬರ್ರಿ, ಬಿಸೀದು ಹಾಕ್ತೀನಿ’ ಎಂದೆ. ಮೂವರೂ ಉಂಡೆವು. ಬೆಕ್ಕು ಹಾಲು ಕುಡಿದು, ಅದರ ಮೇಲೂ ಒಂದು ಷರಾ ಬರೆಯಿತು.

ಬರುವಾಗ ಉಸ್ಮಾನಸಾಬ ಕೊಟ್ಟ ಬುಟ್ಟಿಯಲ್ಲಿ ಅದನ್ನು ಕೂಡಿಸಿ, ನನ್ನ ಮುಖ ಕಾಣುವಂತೆ ಸೆರಗನ್ನು ಅರ್ಧ ಹೊದಿಸಿ ತೊಡೆಯ ಮೇಲೆ ಇಟ್ಟುಕೊಂಡೆ. ಭೀಮಾ ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ಅದು ಬಾಯಿ ಮುಚ್ಚಲಿಲ್ಲ. ಹೊಳೆ ದಾಟಿದ ಬೆಕ್ಕು ತಿರುಗಿ ಬರುವುದಿಲ್ಲ ಅಂದವರು, ಹೋಗಿ ಕರೆದುಕೊಂಡು ಬರುವವರ ವಿಷಯ ಏನೂ ಹೇಳಿಲ್ಲ.

ಈಗ ನಮ್ಮ ಮನೆಯಲ್ಲಿ ಹಿತ್ತಲ ಬಾಗಿಲು ಮುಚ್ಚುವುದಿಲ್ಲ. ಬೆಕ್ಕನ್ನು ಕರೆಯಬೇಕಾದರೆ ನೆಲಕ್ಕೆ ಕಾಲು ಅಪ್ಪಳಿಸುತ್ತೇವೆ. ಅತ್ತೆ ಪೂಜೆಗೆ ಕೂಡುವ ಮೊದಲು ಕೋಲಿನಿಂದ ಎರಡು ಸಲ ಪರಸಿ ಕುಟ್ಟುತ್ತಾರೆ, ಅದು ಬಂದು ಎದುರಿಗೆ ಕೂತು ಅವರನ್ನು ನೋಡುತ್ತಿರುತ್ತದೆ. ಜನ ಕಣ್ಣೆದುರಿಗಿದ್ದರೆ ಅದರ ಮಾತು ಅರ್ಧಕ್ಕರ್ಧ ಕಡಿಮೆ. ಉಳಿದರ್ಧ ಅದರ ಹುಟ್ಟುಗುಣ, ಅದಕ್ಕೆ ಮದ್ದಿಲ್ಲ. ನನ್ನದಕ್ಕೂ ಇಲ್ಲ.

ಅವತ್ತು ಸಂಜೆ ಮನೆ ಮುಟ್ಟಿದ ಮೇಲೆ ನಡೆದದ್ದು ಇಷ್ಟು. ಅತ್ತೆ ನಡುಮನೆಯಲ್ಲಿದ್ದರು. ಗಂಡ ಪೇಪರು ತೆಗೆದಿದ್ದರು. ನಾನು ಅವರ ಮುಂದೆ ಹೋಗಿ ನಿಂತು, ‘ಏನ್ರಿ, ಹಿತ್ತಲದಾಗ ನಳ ಸೋರಾಕತ್ತದ’ ಎಂದೆ. ಅವರು ಪೇಪರು ಮಡಚಿ, ಕಪಾಟಿನಿಂದ ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು ಹಿತ್ತಲಿಗೆ ಹೋದರು.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಅಷ್ಟು ಹೇಳಾಕ ಮೂರು ವರ್ಷ ಬೇಕಾತೇನವಾ ನಿನಗ? ಗಂಡನ ಕೂಡ ಮಾತಾಡಾಕ ಏನು ಧಾಡಿ?’

‘ನೀವ ಹೇಳಿದ್ರಲ್ಲ ಅತ್ತಿ, ಹಿರ್ಯಾರ ಮುಂದ ಮಾತಾಡಬಾರದಂತ.’

‘ನಾನಾ? ಯಾವಾಗ?’

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಅಡುಗೆಮನೆಗೆ ಬಂದು ಮರುದಿನದ ರೊಟ್ಟಿಗೆ ಕೂತೆ. ಮೊದಲ ಪೆಟ್ಟಿಗೆ ವಕೀಲಮ್ಮ ಬಂದು ನಾಲ್ಕೂ ಕಾಲು ಊರಿತು. ಹಿತ್ತಲಲ್ಲಿ ಪಾನಾ ತಿರುವುವ ಸದ್ದು ಕೇಳುತ್ತಿತ್ತು. ಬೋನಾಳಕ್ಕೆ ಹಕ್ಕಿಗಳು ಯಾವ ತಿಂಗಳಿಗೆ ಬರುತ್ತವೆ, ನಾವು ಯಾವಾಗ ಹೋಗೋಣ ಎಂದು ಕೇಳಿದೆ. ಬೆಕ್ಕು ಉದ್ದಕ್ಕೆ ಏನೋ ಹೇಳಿತು. ನಾನು ಹಿತ್ತಲ ಕಡೆ ಮುಖ ಮಾಡಿ ಅವರ ಉತ್ತರಕ್ಕೆ ಕಾದೆ.